ಬೇಕು, ಬಹುದು, ಸೋಮವಾರ

ದೀಪಾವಳಿಯನ್ನು ರಾಜ್ಯದ ರಜೆಗಳ ಪಟ್ಟಿಗೆ ಸೇರಿಸುವ ಮಸೂದೆಗೆ ಕ್ಯಾಲಿಫೋರ್ನಿಯಾದ ಗವರ್ನರ್ 2025ರ ಅಕ್ಟೋಬರಿನಲ್ಲಿ ಸಹಿ ಹಾಕಿದ್ದೇ ತಡ, ಫ್ರೀಮಾಂಟ್‌ನಿಂದ ಕೂಪರ್ಟಿನೊವರೆಗೆ ವಾಟ್ಸಾಪ್ ಗುಂಪುಗಳಲ್ಲಿ ಹಣತೆಗಳು ಹತ್ತಿಕೊಂಡವು. ಇನ್ನು ಮೇಲೆ ಮಕ್ಕಳಿಗೆ ಎಣ್ಣೆನೀರು ಹಾಕಿ, ಒದ್ದೆ ತಲೆಯಲ್ಲೇ ಸ್ಕೂಲ್ ಬಸ್ಸಿಗೆ ಓಡಿಸುವ ಕಷ್ಟವಿಲ್ಲ ಎಂದು ಸಂಭ್ರಮ. ಆಮೇಲೆ ಯಾರೋ ಕಾನೂನನ್ನು ಪೂರ್ತಿ ಓದುವ ತಪ್ಪು ಮಾಡಿದರು. ಶಾಲೆಗಳು ಅಂದು ಮುಚ್ಚಬಹುದು ಎಂದಿದೆ ಅದರಲ್ಲಿ. ಮುಚ್ಚಬೇಕು ಎಂದಿಲ್ಲ.

ಬೇಸರ ಬೇಡ. ಜಾರ್ಜ್ ವಾಷಿಂಗ್ಟನ್ನನಿಗೂ ಆ ದೇಶದಲ್ಲಿ ಇದೇ ಗತಿ.

ಅಕ್ಟೋಬರ್ 2 ಎಂದರೆ ಬಾರಿನಿಂದ ಬ್ಯಾಂಕಿನವರೆಗೆ ಎಲ್ಲದಕ್ಕೂ ಬಾಗಿಲು ಎಂದು ನಂಬಿ ಬೆಳೆದ ನಮ್ಮವರಿಗೆ 'ಫೆಡರಲ್ ರಜೆ' ಎಂಬ ಮಾತು ಕೇಳಿದೊಡನೆ ಮೋಸವಾಗುತ್ತದೆ. ಅಮೆರಿಕದ ಕಾನೂನು ಸಂಹಿತೆಯ 5ನೇ ಭಾಗದ 6103ನೇ ಸೆಕ್ಷನ್ನಿನಲ್ಲಿ ಇಂಥ 11 ರಜೆಗಳಿವೆ. ಅವು ಕೇಂದ್ರದ ನೌಕರರಿಗೆ ಮತ್ತು ರಾಜಧಾನಿ ವಾಷಿಂಗ್ಟನ್ನಿಗೆ ಮಾತ್ರ ಅನ್ವಯ. ರಾಜ್ಯಗಳು ತಮ್ಮ ಪಟ್ಟಿ ತಾವು ಮಾಡಿಕೊಳ್ಳಬಹುದು. ರಾಜ್ಯದ ಪಟ್ಟಿಯಲ್ಲಿದ್ದರೂ ಅನೇಕ ಕಡೆ ಶಾಲೆಯ ಕ್ಯಾಲೆಂಡರಿಗೆ ಮುದ್ರೆ ಒತ್ತುವುದು ಊರಿನ ಸ್ಕೂಲ್ ಬೋರ್ಡು. ಇಂಥ ಬೋರ್ಡುಗಳ ಕೈಯಲ್ಲಿರುವ ಸುಮಾರು 13,000 ಸ್ಕೂಲ್ ಡಿಸ್ಟ್ರಿಕ್ಟುಗಳು, ಪ್ರತಿಯೊಂದಕ್ಕೂ ತನ್ನದೇ ಪಂಚಾಂಗ. ನಮ್ಮ ಮಠಗಳು ಏಕಾದಶಿಗೆ ಜಗಳವಾಡುವುದನ್ನು ಕಂಡು ನಗುವವರು ಇದನ್ನೊಮ್ಮೆ ನೋಡಬೇಕು.

ನಿಜವಾದ ಕಿತ್ತಾಟವಿರುವುದು ಮೂರೇ ರಜೆಗಳ ಮೇಲೆ. ಜುಲೈ 4 ಬೇಸಿಗೆ ರಜೆಯಲ್ಲಿ ಮುಳುಗುತ್ತದೆ. ಗುಲಾಮಗಿರಿ ಕೊನೆಗೊಂಡ ನೆನಪಿನ ಜೂನ್ 19ರ ಜೂನ್‌ಟೀನ್ತ್ ಹೊತ್ತಿಗೆ ಬಹುತೇಕ ಶಾಲೆಗಳು ಬೀಗ ಹಾಕಿರುತ್ತವೆ. ಕ್ರಿಸ್‌ಮಸ್, ಹೊಸವರ್ಷ, ನವೆಂಬರಿನ ನಾಲ್ಕನೆಯ ಗುರುವಾರದ ಥ್ಯಾಂಕ್ಸ್‌ಗಿವಿಂಗ್ ಮುಂತಾದವುಗಳ ಬಗ್ಗೆ ತಕರಾರಿಲ್ಲ. ಉಳಿದು ಒದೆ ತಿನ್ನುವವರು ಕೊಲಂಬಸ್, ಮಾಜಿ ಯೋಧರು ಮತ್ತು ವಾಷಿಂಗ್ಟನ್.

ವಾಷಿಂಗ್ಟನ್ ಹುಟ್ಟಿದ್ದು ಫೆಬ್ರವರಿ 22. ನೌಕರರಿಗೆ ಮೂರು ದಿನದ ವಾರಾಂತ್ಯ ಸಿಗಲಿ, ವ್ಯಾಪಾರ ಕುದುರಲಿ ಎಂದು 1968ರಲ್ಲಿ ಸಂಸತ್ತು ರಜೆಗಳನ್ನು ಸೋಮವಾರಕ್ಕೆ ಎಳೆದು ಕಟ್ಟುವ ಕಾಯ್ದೆ ಮಾಡಿತು, 1971ರಿಂದ ಜಾರಿ. ಹೀಗಾಗಿ ವಾಷಿಂಗ್ಟನ್ ಜಯಂತಿ ಫೆಬ್ರವರಿಯ ಮೂರನೆಯ ಸೋಮವಾರ. ಮೂರನೆಯ ಸೋಮವಾರ 15ರಿಂದ 21ರೊಳಗೇ ಬರಬೇಕು. ಅಂದರೆ, ರಾಷ್ಟ್ರಪಿತನ ಜಯಂತಿ ಅವನು ಹುಟ್ಟಿದ ದಿನ ಎಂದೂ ಬಾರದಂತೆ ಕಾನೂನೇ ನೋಡಿಕೊಂಡಿದೆ. ಯೋಧರ ದಿನವನ್ನೂ ಅಕ್ಟೋಬರಿನ ನಾಲ್ಕನೆಯ ಸೋಮವಾರಕ್ಕೆ ತಳ್ಳಿದ್ದರು. ಮೊದಲ ಮಹಾಯುದ್ಧ ನಿಂತದ್ದು ನವೆಂಬರ್ 11ಕ್ಕೆ ಸ್ವಾಮಿ ಎಂದು ಜನ ಗಲಾಟೆ ಮಾಡಿದ ಮೇಲೆ 1978ರಲ್ಲಿ ವಾಪಸ್ ತಂದರು. ವಾಷಿಂಗ್ಟನ್ನನ ಪರವಾಗಿ ಗಲಾಟೆ ಮಾಡಲು ಅವನ ಪಟಾಲಂ ಉಳಿದಿರಲಿಲ್ಲ.

ಅವನ ಸೋಮವಾರವನ್ನಾದರೂ ಬಿಟ್ಟರೇ? ಶಾಲೆಗಳು ವರ್ಷಕ್ಕೆ ಇಷ್ಟು ದಿನ ನಡೆಯಬೇಕೆಂದು ಲೆಕ್ಕವಿದೆ, ಅನೇಕ ರಾಜ್ಯಗಳಲ್ಲಿ 180. ಹಿಮ ಬಿದ್ದು ಶಾಲೆ ಮುಚ್ಚುವುದಕ್ಕೆಂದು ನಾಲ್ಕಾರು ದಿನ ಮೊದಲೇ ಎತ್ತಿಟ್ಟಿರುತ್ತಾರೆ. ಜನವರಿ ಮುಗಿಯುವುದರೊಳಗೆ ಆ ಗಂಟು ಖಾಲಿಯಾದರೆ ಕೈ ಹೋಗುವುದು ಫೆಬ್ರವರಿಯ ಸೋಮವಾರಕ್ಕೆ. ಕ್ಯಾಲೆಂಡರಿನ ಪಿಡಿಎಫ್ ಕೆಳಗೆ ಇರುವೆಗಾತ್ರದ ಅಕ್ಷರದಲ್ಲಿ 'ಹಿಮ ಬಿದ್ದರೆ ಈ ದಿನ ತರಗತಿ ಇರುತ್ತದೆ' ಎಂದು ಬರೆದಿರುತ್ತದೆ. ಫ್ರಿಜ್ಜಿಗೆ ಅಂಟಿಸುವಾಗ ಆ ಸಾಲಿನ ಮೇಲೇ ಅಯಸ್ಕಾಂತ ಕೂತಿರುತ್ತದೆ. ಮಳೆಯೆಂದು ಜಿಲ್ಲಾಧಿಕಾರಿ ಕೊಟ್ಟ ರಜೆಗೆ ಮಂಗಳೂರಿನ ಮಕ್ಕಳು ಶನಿವಾರ ಮಧ್ಯಾಹ್ನ ಕೂತು ತೀರಿಸುವಂತೆ, ಅಲ್ಲಿ ಹಿಮದ ಸಾಲಕ್ಕೆ ಜಾಮೀನು ರಾಷ್ಟ್ರಪಿತ.

ಪೆನ್ಸಿಲ್ವೇನಿಯಾದ ವಿಷಯ ಬೇರೆ. ಥ್ಯಾಂಕ್ಸ್‌ಗಿವಿಂಗ್ ಮರುಸೋಮವಾರ ಅಲ್ಲಿನ ಎಷ್ಟೋ ಶಾಲೆಗಳಿಗೆ ರಜೆ, ಯಾಕೆಂದರೆ ಅಂದು ಜಿಂಕೆ ಬೇಟೆ ಶುರುವಾಗುತ್ತಿತ್ತು. ಯಾವ ಕೇಂದ್ರ ಕಾನೂನೂ ಕೇಳಿದ್ದಲ್ಲ. 2019ರಲ್ಲಿ ಬೇಟೆಯ ಮೊದಲ ದಿನವನ್ನು ಶನಿವಾರಕ್ಕೆ ಬದಲಾಯಿಸಿದರು. ಆದರೂ ಸೋಮವಾರದ ರಜೆ ಹಲವೆಡೆ ಹಾಗೇ ಉಳಿದಿದೆ. ಇದೇ ರಾಜ್ಯ 2024ರಲ್ಲಿ ದೀಪಾವಳಿಗೂ ಮಾನ್ಯತೆ ಕೊಟ್ಟಿತು, ಶಾಲೆ ಕಚೇರಿ ಯಾವುದೂ ಮುಚ್ಚಬೇಕಿಲ್ಲ ಎಂಬ ಷರತ್ತಿನೊಂದಿಗೆ. ನರಕಾಸುರ ಜಿಂಕೆಯ ರೂಪದಲ್ಲಿ ಬಂದಿದ್ದರೆ ಕಥೆಯೇ ಬೇರೆಯಾಗುತ್ತಿತ್ತು.

ನ್ಯೂಯಾರ್ಕ್ ನಗರದ ಶಾಲೆಗಳಿಗೆ ಮಾತ್ರ ಗಟ್ಟಿಯಾದ 'ಬೇಕು' ಸಿಕ್ಕಿತು, 2023ರಲ್ಲಿ. ಆ ಕಾನೂನು ದೀಪಾವಳಿಯನ್ನು ಗುರುತಿಸುವ ಬಗೆ ನೋಡಿ: ಭಾರತೀಯ ಕ್ಯಾಲೆಂಡರಿನ ಎಂಟನೆಯ ತಿಂಗಳ 15ನೆಯ ದಿನ. ಎಂಟನೆಯ ತಿಂಗಳು ಕಾರ್ತಿಕ. ಉತ್ತರದವರ ತಿಂಗಳು ಹುಣ್ಣಿಮೆಗೆ ಮುಗಿಯುವುದರಿಂದ ಅವರ ಕಾರ್ತಿಕದ 15 ಅಮಾವಾಸ್ಯೆ, ಸರಿಯಾಗಿ ದೀಪಾವಳಿಯೇ. ನಮ್ಮ ತಿಂಗಳು ಮುಗಿಯುವುದು ಅಮಾವಾಸ್ಯೆಗೆ. ನಮಗೆ ಅದಿನ್ನೂ ಆಶ್ವಯುಜ, ಏಳನೆಯದು. ಕಾರ್ತಿಕ ಹುಟ್ಟುವುದು ಬಲಿಪಾಡ್ಯಮಿಗೆ, ಅದರ 15ನೇ ದಿನ ಕಾರ್ತಿಕ ಹುಣ್ಣಿಮೆ. ಭಾರತ ಸರ್ಕಾರದ ರಾಷ್ಟ್ರೀಯ ಪಂಚಾಂಗ ತೆಗೆದರೆ ಕಾರ್ತಿಕ 15 ಎಂದರೆ ಪ್ರತಿವರ್ಷ ನವೆಂಬರ್ 6, ಚಂದ್ರ ಎಲ್ಲೇ ಇರಲಿ. ಅಧಿಕಮಾಸ ಬಂದ ವರ್ಷ ಎಂಟನೆಯದನ್ನು ಎಲ್ಲಿಂದ ಎಣಿಸಬೇಕು ಎಂದು ಕೇಳಲು ಹೋಗಬೇಡಿ, ಒಂಟಿಕೊಪ್ಪಲ್ ಪಂಚಾಂಗವನ್ನು ಆ ರಾಜ್ಯದ ರಾಜಧಾನಿ ಆಲ್ಬನಿಗೆ ಪಾರ್ಸೆಲ್ ಮಾಡಬೇಕಾದೀತು. ಕಾನೂನಿಗೆ ಸಹಿ ಬಿದ್ದ ಆ ವರ್ಷ ಹಬ್ಬ ಬಂದದ್ದು ನವೆಂಬರ್ 12ಕ್ಕೆ, ಭಾನುವಾರ.

ಹಾಗಾದರೆ ಕೇಂದ್ರ ಸರ್ಕಾರವು ಶಾಲೆಗಳಿಗೆ ಒಂದು ದಿನದ ಬಗ್ಗೆಯೂ ಅಪ್ಪಣೆ ಮಾಡಿಲ್ಲವೇ? ಮಾಡಿದೆ. ಸೆಪ್ಟೆಂಬರ್ 17, ಸಂವಿಧಾನ ದಿನ. ಕೇಂದ್ರದ ಹಣ ಪಡೆಯುವ ಪ್ರತಿ ಶಾಲೆಯೂ ಅಂದು ಸಂವಿಧಾನದ ಪಾಠ ಮಾಡಲೇಬೇಕು ಎಂದು 2004ರಲ್ಲಿ ಬಜೆಟ್ ಮಸೂದೆಯೊಳಗೆ ತುರುಕಿದ ಕಟ್ಟಳೆ. ಭಾನುವಾರ ಬಂದರೆ ಹಿಂದಿನ ಅಥವಾ ಮುಂದಿನ ವಾರ ಮಾಡಿ ಮುಗಿಸಬೇಕು. ರಜೆಗೆ ಬಹುದು, ಪಾಠಕ್ಕೆ ಬೇಕು. ಇನ್ನು ಮತದಾನದ ದಿನ ಕೇಂದ್ರದ ರಜೆಯೇ ಅಲ್ಲ, ಆದರೂ ಎಷ್ಟೋ ಶಾಲೆಗಳಲ್ಲಿ ಅಂದು ಮಕ್ಕಳಿರುವುದಿಲ್ಲ. ಮತಗಟ್ಟೆ ಶಾಲೆಯ ಜಿಮ್ಮಿನಲ್ಲೇ ಇರುತ್ತದಲ್ಲ.

ಇದೆಲ್ಲ ತಮಾಷೆಯಾಗಿ ಕಾಣುವುದು ಅಂದು ಮನೆಯಿಂದ ಕೆಲಸ ಮಾಡಬಲ್ಲವರಿಗೆ. ಖಾಸಗಿ ಕಂಪನಿ ಫೆಡರಲ್ ರಜೆಯ ದಿನ ರಜೆ ಕೊಡಬೇಕೆಂದಾಗಲಿ, ದುಡಿಸಿಕೊಂಡರೆ ಹೆಚ್ಚು ಕೂಲಿ ಕೊಡಬೇಕೆಂದಾಗಲಿ ಅಮೆರಿಕದ ಕೇಂದ್ರ ಕಾನೂನಿನಲ್ಲಿ ಇಲ್ಲವೇ ಇಲ್ಲ. ಫೆಬ್ರವರಿಯ ಆ ಸೋಮವಾರ ಹಾಸಿಗೆ ಅಂಗಡಿಗಳಲ್ಲಿ ರಿಯಾಯಿತಿ ಮಾರಾಟದ ದಿನ. ಕೌಂಟರಿನಲ್ಲಿ ನಿಲ್ಲುವ ಹೆಂಗಸಿಗೆ ಕೆಲಸವುಂಟು, ಅವಳ ಮಗುವಿಗೆ ಶಾಲೆಯಿಲ್ಲ. ಶಾಲೆಯಿಲ್ಲದ ದಿನ ಶಾಲೆಯ ಊಟವೂ ಇಲ್ಲ. ಮಗುವನ್ನು ನೋಡಿಕೊಳ್ಳುವವರಿಗೆ ಕೊಡಬೇಕಾದ ದುಡ್ಡು ಅವಳ ಆ ದಿನದ ಕೂಲಿಯನ್ನೇ ನುಂಗುತ್ತದೆ. ನವೆಂಬರ್ 11ಕ್ಕೆ ಇದರ ಉಲ್ಟಾ: ಯೋಧನಾಗಿದ್ದು ಈಗ ಅಂಚೆ ಕಚೇರಿಯಲ್ಲಿರುವ ಅಪ್ಪ ರಜೆಯಲ್ಲಿ ಮನೆಯಲ್ಲಿ ಒಬ್ಬನೇ, ಮಗಳು ಶಾಲೆಯ ಸಭಾಂಗಣದಲ್ಲಿ ಕಾಗದದ ಬಾವುಟ ಹಿಡಿದು ಯೋಧರಿಗೆ ಗೌರವ ಸಲ್ಲಿಸುತ್ತಿದ್ದಾಳೆ. ಯಾರಿಗಾಗಿ ಈ ರಜೆ ಎಂದು ಯಾವ ಬೋರ್ಡೂ ಕೇಳಿಕೊಂಡಂತಿಲ್ಲ. ಕೇಳಿಕೊಂಡರೂ ಉತ್ತರ ವಕೀಲರಿಂದ ಬರುತ್ತದೆ, 'ಬಹುದು' ಎಂದು.

ಅಂದಹಾಗೆ ಕ್ಯಾಲಿಫೋರ್ನಿಯಾದ ಕಾನೂನು ಜಾರಿಗೆ ಬಂದದ್ದು 2026ರ ಜನವರಿ 1ರಿಂದ. ಅದರಡಿಯ ಮೊದಲ ದೀಪಾವಳಿ ನವೆಂಬರ್ 8ಕ್ಕೆ. ಯಾವ ವಾರ ಎಂದು ನೋಡಿ ಇಟ್ಟಿದ್ದೇನೆ. ಭಾನುವಾರ.