ಮಳೆ ಡೈರಿ ಇರುವ ಮನೆಯ ಮಕ್ಕಳು ಕರೆಂಟ್ ದರದ ವಿಚಾರಣೆಗೆ ಬರಬೇಕು

ಹೋದ ವಾರ ಪರಿಸರ ಅಧ್ಯಯನದ ತರಗತಿಯಲ್ಲಿ ಪಾಠ ನಿಲ್ಲಿಸಿ ಒಂದು ಪ್ರಶ್ನೆ ಕೇಳಿದೆ: "ಯಾರ ಮನೆಯಲ್ಲಿ ಮಳೆ ಅಳೀತಾರೆ?" ಹಾಸನ ಪೇಟೆಯ ಮಕ್ಕಳು ಮುಖ ಮುಖ ನೋಡಿಕೊಂಡರು. ಸಕಲೇಶಪುರ, ಆಲೂರು, ಬೇಲೂರಿನ ಕಡೆಯವರು ಮಾತ್ರ ಕೈ ಎತ್ತಿದರು. ಹೆತ್ತೂರು ಕಡೆಯ ಒಬ್ಬ ಹುಡುಗಿ, "ನಮ್ಮಜ್ಜನ ಕಾಲದಿಂದ ಬರೆದಿಟ್ಟಿದ್ದಾರೆ ಸರ್, ಇಂಚು, ಸೆಂಟ್ಸ್ ಲೆಕ್ಕದಲ್ಲಿ" ಅಂದಳು (ಇಂಚಿನ ನೂರನೇ ಒಂದು ಪಾಲೇ ಒಂದು ಸೆಂಟ್). ಅದನ್ನು ಮನೆಯವರು ಬಿಟ್ಟು ಬೇರೆ ಯಾರಾದರೂ ನೋಡಿದ್ದಾರಾ ಅಂತ ಕೇಳಿದರೆ, ಇಲ್ಲ.

ಅವತ್ತಿನಿಂದ ಆ ಡೈರಿಗಳೇ ನನ್ನ ತಲೆಯಲ್ಲಿವೆ.

ಕಾಫಿ ಬೆಳೆಯೋರಿಗೆ ಹೇಳಬೇಕಿಲ್ಲ, ಉಳಿದವರಿಗಾಗಿ ಬರೀತೀನಿ. ರೋಬಸ್ಟಾ ಜಾತಿಯ ಕಾಫಿಗೆ ಫೆಬ್ರವರಿ-ಮಾರ್ಚ್ ಹೊತ್ತಿಗೆ ಹೂ ಮಳೆ ಬೇಕು. ಹೂ ಅರಳಿ ಕೆಲವು ವಾರಕ್ಕೆ ಕಾಯಿ ಕಚ್ಚಲು ಬ್ಯಾಕಿಂಗ್ ಮಳೆ ಬೇಕು. ಬರದಿದ್ದರೆ ಕೆರೆಗೋ ಹಳ್ಳಕ್ಕೋ ಮೋಟಾರ್ ಇಟ್ಟು ಸ್ಪ್ರಿಂಕ್ಲರ್ ಹಾಯಿಸಬೇಕು. ಮಳೆ ತಪ್ಪಿದ ವರ್ಷ ಹವಾಮಾನ ಬದಲಾವಣೆ ನಮ್ಮ ಮನೆಗೆ ಕರೆಂಟ್ ಬಿಲ್ಲಾಗಿ, ಇಲ್ಲಾ ಡೀಸೆಲ್ ಖರ್ಚಾಗಿ ಬರುತ್ತೆ. ಡೈರಿಯಲ್ಲಿ ಮಳೆಯ ಜಾಗ ಖಾಲಿ ಇರುವ ಪುಟದಲ್ಲೇ ಮೋಟಾರ್ ಎಷ್ಟು ಗಂಟೆ ಓಡಿತು ಅಂತಲೂ ಎಷ್ಟೋ ಜನ ಬರೆದಿರ್ತಾರೆ. ಕಣದಲ್ಲಿ ಕಾಫಿ ಒಣಗಿಸೋ ಬಿಸಿಲು ಇನ್ನೂ ಸುಡುತ್ತಿರುವಾಗಲೇ ನೀರು ಹಾಯಿಸೋ ಕಾಲ. ಆ ಬಿಸಿಲಿನಿಂದಲೇ ಪಂಪ್ ಯಾಕೆ ಓಡಬಾರದು, ಎಷ್ಟು ಓಡುತ್ತೆ, ಖರ್ಚೆಷ್ಟು? ಇಂಜಿನಿಯರಿಂಗ್, ಅರ್ಥಶಾಸ್ತ್ರ, ಕೃಷಿ ಓದೋ ಮಕ್ಕಳಿಗೆ ಇದಕ್ಕಿಂತ ಒಳ್ಳೆ ಪ್ರಾಜೆಕ್ಟ್ ಬೇಕಾ?

ಹಾಗೆ ಮಾಡಿದ ಪ್ರಾಜೆಕ್ಟ್ ರಿಪೋರ್ಟು ಕಾಲೇಜಿನ ಬೀರುವಿನಲ್ಲಿ ಕೂರಬೇಕಾಗಿಲ್ಲ. 2003ರ ವಿದ್ಯುತ್ ಕಾಯ್ದೆಯ 64ನೇ ಸೆಕ್ಷನ್ ಪ್ರಕಾರ ದರ ಪರಿಷ್ಕರಣೆಯ ಅರ್ಜಿಯನ್ನು ಕರೆಂಟ್ ಕಂಪನಿ ಪ್ರಕಟಿಸಲೇಬೇಕು, ಜನರ ಸಲಹೆ-ಆಕ್ಷೇಪಣೆ ನೋಡಿಯೇ ವಿದ್ಯುತ್ ನಿಯಂತ್ರಣ ಆಯೋಗ ಆದೇಶ ಮಾಡಬೇಕು. ನಮ್ಮ ಕಡೆಗೆ ಕರೆಂಟ್ ಕೊಡೋ ಸೆಸ್ಕ್ (ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ) ಅರ್ಜಿಗೆ ಹಾಸನದ ಹುಡುಗ-ಹುಡುಗಿಯರು ಆಕ್ಷೇಪಣೆ ಹಾಕಲು ಏನೂ ಅಡ್ಡಿಯಿಲ್ಲ. ಒಮ್ಮೆ ಮೈಸೂರಿನಲ್ಲಿ ಆಯೋಗ ಇಂಥ ಅರ್ಜಿಯ ಮೇಲೆ ನಡೆಸಿದ ಸಾರ್ವಜನಿಕ ವಿಚಾರಣೆಗೆ ಹೋಗಿ ಹಿಂದೆ ಕೂತಿದ್ದೆ. ಬೆಳೆಗಾರರು ಮಾತಾಡಿದರು, ಸಣ್ಣ ಕೈಗಾರಿಕೆಯವರು ಮಾತಾಡಿದರು. ವಿದ್ಯಾರ್ಥಿ ಅಂತ ಒಬ್ಬರೂ ಇರಲಿಲ್ಲ. ಮುಂದಿನ ಸಲ ಮಕ್ಕಳನ್ನು ಕರ್ಕೊಂಡು ಹೋಗ್ತೀನಿ ಅಂತ ಕಾಲೇಜಿನಲ್ಲಿ ಕೇಳಿದಾಗ "ಇದು ಸಿಲೆಬಸ್‌ನಲ್ಲಿಲ್ಲ" ಅಂದರು. ಆ ಮಾತು ನನಗೆ ಇವತ್ತಿಗೂ ನೋವು ಕೊಡುತ್ತೆ. ಕಾಲೇಜುಗಳಲ್ಲಿ ಪರಿಸರ ಪಾಠಕ್ಕೆ ದಾರಿ ಮಾಡಿಕೊಟ್ಟಿದ್ದೇ ಸುಪ್ರೀಂ ಕೋರ್ಟಿನ 1991ರ ಆದೇಶ. ವಕೀಲ ಎಂ.ಸಿ. ಮೆಹ್ತಾ ಹಾಕಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಿಂದ ಹುಟ್ಟಿದ ವಿಷಯವನ್ನೇ ನಾವು ಐದು ಮಾರ್ಕಿನ ಪ್ರಶ್ನೆ ಮಾಡಿಟ್ಟಿದ್ದೀವಿ.

ಗುಂಡ್ಯ ನೆನಪು ಮಾಡಿಕೊಳ್ಳಿ. ಎತ್ತಿನಹೊಳೆ, ಕೆಂಪುಹೊಳೆ ಸೇರುವ ಆ ಕಾಡಿನಲ್ಲಿ ಜಲವಿದ್ಯುತ್ ಯೋಜನೆ ಬರಬೇಕಿತ್ತು, ಮೊದಲ ಹಂತವೇ 200 ಮೆಗಾವ್ಯಾಟ್. ಹೊಗೆ ಉಗುಳದ ಕರೆಂಟು, ನಿಜ. ಆದರೂ 2011ರಲ್ಲಿ, ಪಶ್ಚಿಮ ಘಟ್ಟದ ಪರಿಸರ ಅಧ್ಯಯನಕ್ಕೆ ಕೇಂದ್ರ ನೇಮಿಸಿದ್ದ ಗಾಡ್ಗೀಳ್ ಸಮಿತಿ ಇದಕ್ಕೆ ಅನುಮತಿ ಕೊಡಬೇಡಿ ಅಂತ ಬರೆಯಿತು. ಇಂಥ ಕಡೆ "ಪರಿಸರ ಉಳಿಸಿ" ಅನ್ನೋ ಬೋರ್ಡ್ ಹಿಡಿದರೆ ಸಾಲದು. ಕಲ್ಲಿದ್ದಲೂ ಬೇಡ, ಈ ಅಣೆಕಟ್ಟೂ ಬೇಡ ಅಂದರೆ ಕರೆಂಟ್ ಎಲ್ಲಿಂದ ಅಂತ ಕೇಳೇ ಕೇಳ್ತಾರೆ. ಉತ್ತರ ಹುಡುಕಲು ನೂರಾರು ಪುಟದ ಇಂಗ್ಲಿಷ್ ವರದಿ ಓದಿ ಊರವರಿಗೆ ಕನ್ನಡದಲ್ಲಿ ಹೇಳೋರು ಬೇಕು. ಯೋಜನೆಗಳಿಂದ ಪರಿಸರಕ್ಕಾಗೋ ಪರಿಣಾಮ ಅಳೆಯುವ ನಿಯಮಗಳಿಗೆ ಕೇಂದ್ರ ಸರ್ಕಾರ ತಂದ 2020ರ ಪರಿಸರ ಪರಿಣಾಮ ಅಧಿಸೂಚನೆಯ ಕರಡು ಕನ್ನಡದಲ್ಲಿ ಇರಲೇ ಇಲ್ಲ. ಆ ಜೂನ್ 30ರಂದು ದೆಹಲಿ ಹೈಕೋರ್ಟ್, ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಿಗೂ ಅದನ್ನು ತರಬೇಕು ಅಂದಿತು. ಇಂಥ ಕರಡು ಬಂದ ದಿನವೇ ನಮ್ಮ ಕನ್ನಡ ಎಂ.ಎ. ಮಕ್ಕಳೂ ಕಾನೂನು ವಿದ್ಯಾರ್ಥಿಗಳೂ ಒಟ್ಟಿಗೆ ಕೂತು ಅನುವಾದ ಶುರು ಮಾಡಿದರೆ ಎಷ್ಟು ಚೆನ್ನ!

ವಿದ್ಯಾರ್ಥಿಗಳಿಂದ ಏನಾಗುತ್ತೆ ಅಂತ ಯಾರಾದರೂ ಕೇಳಿದರೆ ನಾನು ಪೆಸಿಫಿಕ್ ಸಾಗರದ ಪುಟ್ಟ ದ್ವೀಪದೇಶ ವನುವಾಟು ಹೆಸರು ಹೇಳ್ತೀನಿ. 2019ರಲ್ಲಿ ಸೌತ್ ಪೆಸಿಫಿಕ್ ವಿಶ್ವವಿದ್ಯಾಲಯದ ಅಲ್ಲಿನ ಕ್ಯಾಂಪಸ್ಸಿನಲ್ಲಿ ಕಾನೂನು ಓದುತ್ತಿದ್ದ 27 ಮಂದಿ, ಹವಾಮಾನದ ವಿಷಯದಲ್ಲಿ ದೇಶಗಳ ಹೊಣೆ ಏನು ಅಂತ ಅಂತರರಾಷ್ಟ್ರೀಯ ನ್ಯಾಯಾಲಯವನ್ನೇ ಕೇಳಬೇಕು ಎಂದು ಹೊರಟರು. ಸರ್ಕಾರವನ್ನು ಒಪ್ಪಿಸಿದರು. 2023ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಆ ಪ್ರಶ್ನೆಯನ್ನು ನ್ಯಾಯಾಲಯಕ್ಕೆ ಕಳಿಸಿತು. 2025ರ ಜುಲೈ 23ರಂದು ಉತ್ತರ ಬಂತು: ಹವಾಮಾನ ಕಾಪಾಡುವುದು ದೇಶಗಳ ಕಾನೂನುಬದ್ಧ ಕರ್ತವ್ಯ. ಸಮುದ್ರ ಏರುವುದನ್ನು ಮನೆ ಬಾಗಿಲಲ್ಲೇ ಕಂಡಿದ್ದ ಮಕ್ಕಳವರು. ನಮ್ಮ ಮಕ್ಕಳು ಘಾಟಿ ಕುಸಿಯೋದನ್ನ ಕಂಡಿದ್ದಾರೆ, ಹೂ ಮಳೆ ತಪ್ಪಿದ ವರ್ಷ ಅಪ್ಪ ರಾತ್ರಿಯೆಲ್ಲ ಮೋಟಾರ್ ಹತ್ತಿರ ಕೂತದ್ದನ್ನ ಕಂಡಿದ್ದಾರೆ.

ಜೂನ್ 5ಕ್ಕೆ ಸಸಿ ನೆಡೋಣ, ಅದು ಬೇಡ ಅನ್ನಲ್ಲ. ಆದರೆ ಈ ವರ್ಷ ನನ್ನ ತರಗತಿಯವರು ಮಳೆ ಡೈರಿಗಳ ಫೋಟೊ ತೆಗೆದು ಕಂಪ್ಯೂಟರಿಗೆ ಏರಿಸ್ತಾರೆ. ಪಕ್ಕದಲ್ಲೇ ಪಂಪಿನ ಕರೆಂಟ್ ಬಿಲ್ಲಿನ ಲೆಕ್ಕ. ಮುಂದಿನ ದರ ಅರ್ಜಿ ಪ್ರಕಟವಾದಾಗ ಅವರದ್ದೇ ಸಹಿ ಹಾಕಿದ ಆಕ್ಷೇಪಣೆ ಹೋಗಬೇಕು, ರಜಾ ಹಾಕಿಯಾದರೂ ನಾನು ಜೊತೆಗಿರ್ತೀನಿ. ಮಲೆನಾಡಿನವರೇ, ಅಟ್ಟದ ಮೇಲೆ ಹಳೇ ಮಳೆ ಲೆಕ್ಕದ ಪುಸ್ತಕ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಗೆದ್ದಲು ಹಿಡಿದಿದ್ದರೂ ಸರಿ, ಓದೋಕೆ ಬಂದಷ್ಟು ಸಾಕು. ಕಾಮೆಂಟಿನಲ್ಲಿ ಊರ ಹೆಸರು ಬರೆಯಿರಿ, ಮಕ್ಕಳೇ ಬರ್ತಾರೆ.