ಬಾಗಿಲಿಗೂ ಬಣ್ಣ, ಮೊಣಕೈಗೂ ಬಣ್ಣ

ಗೌರಿ ಹಬ್ಬ ಹತ್ತಿರ ಬಂದರೆ ಸಾಕು, ಮುಂಬಾಗಿಲಿಗೆ ಎನಾಮೆಲ್ ಹೊಡೆಯುವ ಹುಕಿ ನಮ್ಮನೆಯವರಿಗೆ. ಬೆಂಗಳೂರಿನಲ್ಲಿ ಆಗಲೇ ಜಿಟಿಜಿಟಿ ಮಳೆ. ಗಾಳಿ ತೇವವಾಗಿದ್ದರೆ ಬಣ್ಣ ಒಣಗುವುದು ನಿಧಾನ. ಪೇಂಟರ್ ಕರೆಸೋಣ ಅಂದೆ. "ಒಂದು ಬಾಗಿಲಿಗೆ ಯಾರು ಬರ್ತಾರೆ?" ಅಂದರು. ಅದೂ ನಿಜವೇ.

ಎಸ್.ಪಿ. ರೋಡಿಗೆ ಹೋಗಿ ಬ್ರಷ್ ತಂದರು. ಇದ್ದುದರಲ್ಲೇ ಅಗ್ಗದ್ದು. "ಅಂಗೈಗೆ ನಾಲ್ಕು ಸಲ ಬಡಿದು, ಸಡಿಲ ಕೂದಲು ಕಿತ್ತು ಹಾಕೋ" ಎಂದು ವರಾಂಡದ ಕುರ್ಚಿಯಿಂದ ಮಾವನವರು ಕೂಗಿದರು. ಮಗ ಕೇಳಲಿಲ್ಲ. ಬಾಗಿಲಿಗೆ ಮೀಸೆ ಬಂತು.

"ಕೂದಲಿನ ಮೂರನೇ ಒಂದು ಭಾಗ ಅದ್ದು, ಸಾಕು. ಡಬ್ಬದ ಒಳಗಡೆ ಮೆಲ್ಲಗೆ ತಟ್ಟು." ಇವರು ತಗಡಿನ ಪಟ್ಟಿಯವರೆಗೂ ಅದ್ದಿದರು. ಮೇಲಿನ ಮೂಲೆಗೆ ಕೈ ಎತ್ತಿದ್ದೇ ತಡ, ಬಣ್ಣ ಹಿಡಿಯಿಂದ ಮುಂಗೈಗೆ, ಮುಂಗೈಯಿಂದ ಮೊಣಕೈಗೆ, ಅಲ್ಲಿಂದ ಬನಿಯನ್ನಿಗೆ. ಅವತ್ತು ಬಣ್ಣ ಸಮವಾಗಿ ಹರಡಿದ್ದು ಅಲ್ಲಿ ಮಾತ್ರ.

ಮಾವನವರ ಕಾಮೆಂಟರಿ ನಿಲ್ಲಲಿಲ್ಲ. "ಮೊದಲು ಒಳಗಿನ ಹಲಗೆ, ಆಮೇಲೆ ಅಡ್ಡಪಟ್ಟಿ, ಕೊನೆಗೆ ಉದ್ದಪಟ್ಟಿ. ಹಸಿ ಅಂಚು ಒಣಗೋಕೆ ಬಿಡಬೇಡ. ಮುಗಿಸುವಾಗ ಬ್ರಷ್ ತುದಿ ಮಾತ್ರ ತಾಗಿಸಿ, ಮರದ ಎಳೆ ಹೋದ ಕಡೆಗೇ ಎಳಿ. ಈಗ ಹಚ್ಚಿದ ಕಡೆಯಿಂದ ಮುಂಚೆ ಹಚ್ಚಿದ ಕಡೆಗೆ. ಆಮೇಲೆ ಕೈ ಕಟ್ಕೊಂಡು ಕೂತ್ಕೋ."

ಆ ಕೊನೇದೇ ಕಷ್ಟ ಅಲ್ವಾ? ಸ್ವಲ್ಪ ಹೊತ್ತಿಗೆ ಒಂದು ಕಡೆ ಬಣ್ಣ ಇಳಿದದ್ದು ಕಂಡಿತು. ಪೂರ್ತಿ ಒಣಗಿದ ಮೇಲೆ ಸ್ಯಾಂಡ್ ಪೇಪರಿನಲ್ಲಿ ಉಜ್ಜಿ, ಇನ್ನೊಂದು ತೆಳು ಕೋಟ್ ಹೊಡೆದರೆ ಮುಗಿಯಿತು. ನಮ್ಮನೆಯವರ ಕೈ ಸುಮ್ನಿರಬೇಕಲ್ಲ! ಅರೆ ಒಣಗಿದ ಬಣ್ಣದ ಮೇಲೇ ಬ್ರಷ್ ಆಡಿಸಿದರು. ಬಾಚಣಿಗೆ ಎಳೆದ ಹಾಗೆ ಗೆರೆ ಎದ್ದವು. ಗೆರೆ ಮುಚ್ಚಲು ಇನ್ನಷ್ಟು ಬಣ್ಣ. ಅದೂ ಇಳಿಯಿತು. ಮಾವನವರು ಪೇಪರ್ ಮುಖಕ್ಕೆ ಅಡ್ಡ ಹಿಡಿದರು.

ಸಂಜೆ ಪಕ್ಕದ ಮನೆ ಆಂಟಿ "ಒಣಗಿದ್ಯಾ?" ಎಂದು ಬೆರಳಿಟ್ಟು ನೋಡಿದರು. ಒಣಗಿರಲಿಲ್ಲ. "ಹಸಿ ಬಣ್ಣ, ಮುಟ್ಟಬೇಡಿ" ಎಂದು ಗೋಡೆಗೆ ಚೀಟಿ ಅಂಟಿಸಿದೆ. ಓದಿದವರೆಲ್ಲ ಹೌದಾ ಎಂದು ಮುಟ್ಟಿ ನೋಡಿದರು.

ಕತ್ತಲಾದ ಮೇಲೆ ಕೊರಿಯರ್ ಹುಡುಗ ಬಂದ. ಚೀಟಿ ನೋಡಲಿಲ್ಲ. ಪಾರ್ಸೆಲ್ ಬಾಗಿಲಿಗೇ ಒರಗಿಸಿ, ಡೆಲಿವರಿ ಆಯಿತು ಎಂಬುದಕ್ಕೆ ಒಂದು ಫೋಟೋ ಹೊಡೆದುಕೊಂಡು ಹೋದ. ರಟ್ಟು ಕೀಳುವಾಗ ನಮ್ಮ ಅಡ್ರೆಸ್ ಬಾಗಿಲಿನ ಮೇಲೇ ಉಳಿಯಿತು. ಆ ಫೋಟೋದಲ್ಲಿ ಮಾತ್ರ ಬಾಗಿಲು ಫಳಫಳ ಹೊಳೆಯುತ್ತಿದೆ. ನಮ್ಮನೆಯವರು ಅದನ್ನೇ ಫ್ಯಾಮಿಲಿ ಗ್ರೂಪಿಗೆ ಹಾಕಿದ್ದಾರೆ.