ಬಿರುಕು ಬಿಟ್ಟ ಸೈಕಲ್ಲು, ಗಂಗೊಳ್ಳಿಯ ದೋಣಿ

ಕಳೆದ ಅಕ್ಟೋಬರಿನಲ್ಲಿ ನನ್ನ ಮೌಂಟನ್ ಬೈಕ್ ಒಂದು ಬಂಡೆಯ ಮೇಲೆ ಬಿತ್ತು. ಜಾಗ ಕೆನಡಾದ ನಾರ್ತ್ ವ್ಯಾಂಕೂವರ್, ಫ್ರೋಮ್ ಬೆಟ್ಟ. ಸೀಡರ್ ಮರದ ಬೇರು, ಪಾಚಿ ಹಿಡಿದ ಗ್ರಾನೈಟ್ ಕಲ್ಲು, ಬೇಸಿಗೆ ಮುಗಿದರೆ ಬಿಡದ ಮಳೆ. ನನಗೆ ಮೊಣಕೈ ತರಚಿತು ಅಷ್ಟೆ. ಸೈಕಲ್ಲಿಗೂ ಏನೂ ಆಗಿಲ್ಲ ಅಂದುಕೊಂಡಿದ್ದೆ. ಎರಡು ದಿನ ಬಿಟ್ಟು ತೊಳೆಯುವಾಗ ಎಡಗಡೆಯ ಚೈನ್‌ಸ್ಟೇ ಮೇಲೆ, ಅಂದರೆ ಪೆಡಲಿನ ಕಡೆಯಿಂದ ಹಿಂದಿನ ಚಕ್ರಕ್ಕೆ ಹೋಗುವ ಕೊಳವೆಯ ಮೇಲೆ, ಕೂದಲೆಳೆಯಂಥ ಗೆರೆ ಕಂಡಿತು. ಹೆಬ್ಬೆರಳಲ್ಲಿ ಒತ್ತಿದರೆ ಚಿಟ್ ಚಿಟ್ ಅನ್ನುತ್ತಿತ್ತು.

ಅಂಗಡಿಯ ಹುಡುಗ ನೋಡಿದ್ದು ಹತ್ತು ಸೆಕೆಂಡ್. ಕಾರ್ಬನ್ ಫ್ರೇಮ್, ಬಿರುಕು ಬಿಟ್ಟಿದೆ, ಇನ್ನು ಓಡಿಸಬೇಡಿ, ಹೊಸದು ತಗೊಳ್ಳಿ ಅಂದ. ಓಡಿಸಬೇಡಿ ಅಂದದ್ದು ಸರಿಯೇ. ಆದರೆ ಹೊಸದು ತಗೊಳ್ಳಿ ಅನ್ನುವುದು ಇಲ್ಲಿ ಸಲಹೆಯಲ್ಲ, ಅಭ್ಯಾಸ. ಮಿಕ್ಸರ್ ಕೆಟ್ಟರೂ ಅದೇ ಮಾತು, ಫ್ರಿಜ್ ಕೆಟ್ಟರೂ ಅದೇ ಮಾತು.

ನಾನು ಗಂಗೊಳ್ಳಿಯವನು. ಹೈಸ್ಕೂಲಿಗೆ ಹೋಗುತ್ತಿದ್ದ ಅಟ್ಲಾಸ್ ಸೈಕಲ್ಲಿನ ಫ್ರೇಮು ಎರಡು ಸಲ ತುಂಡಾಗಿತ್ತು. ಕುಂದಾಪುರದಲ್ಲಿ ಗ್ಯಾಸ್ ವೆಲ್ಡಿಂಗ್ ಮಾಡಿಸಿ ಮರುದಿನ ಅದರಲ್ಲೇ ಶಾಲೆಗೆ ಹೋದೆ. ಅದು ಉಕ್ಕು, ಬೆಸೆದರೆ ನಿಲ್ಲುತ್ತದೆ. ಅಲ್ಯೂಮಿನಿಯಂ ಹಾಗಲ್ಲ. ವೆಲ್ಡ್ ಮಾಡಿದ ಜಾಗದ ಸುತ್ತ ಅದು ಮೆತ್ತಗಾಗುತ್ತದೆ. ಮತ್ತೆ ಬಲ ಬರಬೇಕಾದರೆ ಇಡೀ ಫ್ರೇಮನ್ನು ಕುಲುಮೆಯಲ್ಲಿ ಕಾಯಿಸಿ, ತಣಿಸಿ, ಗಂಟೆಗಟ್ಟಲೆ ಹದ ಮಾಡಬೇಕು. ಯಾವ ಬೀದಿ ಅಂಗಡಿಯಲ್ಲೂ ಆಗುವ ಕೆಲಸ ಅಲ್ಲ. ಜನ ಇದನ್ನು ಉಲ್ಟಾ ತಿಳಿದುಕೊಂಡಿದ್ದಾರೆ. ಲೋಹ ಅಂದರೆ ರಿಪೇರಿ ಆಗುತ್ತದೆ, ಕಾರ್ಬನ್ ಅಂದರೆ ಗಾಜಿನ ಹಾಗೆ, ಒಡೆದರೆ ಮುಗಿಯಿತು ಅಂತ.

ನನಗೆ ಆ ಭ್ರಮೆ ಇರಲಿಲ್ಲ. ಕಾರಣ ನನ್ನ ಮಾವನ ದೋಣಿ. ಪ್ರತಿ ವರ್ಷ ಮಳೆ ಹಿಡಿಯುವ ಮೊದಲು ನಮ್ಮೂರಲ್ಲಿ ಫೈಬರ್ ದೋಣಿಗಳನ್ನು ದಡಕ್ಕೆ ಎಳೆದು ಕವುಚಿ ಹಾಕುತ್ತಾರೆ. ಒಡೆದ ಜಾಗವನ್ನು ಗ್ರೈಂಡರ್ ಹಿಡಿದು ತೆಳ್ಳಗೆ ಉಜ್ಜುತ್ತಾರೆ. ಗಾಜಿನ ನಾರಿನ ಮ್ಯಾಟ್ ಕತ್ತರಿಸಿ, ರೆಸಿನ್‌ಗೆ ಹಾರ್ಡ್ನರ್ ಕಲೆಸಿ, ಒಂದರ ಮೇಲೊಂದು ಪದರ ಕೂರಿಸಿ ರೋಲರ್ ಉರುಳಿಸುತ್ತಾರೆ. ಆ ಧೂಳು ಮೈಗೆ ತಾಗಿದರೆ ರಾತ್ರಿಯಿಡೀ ತುರಿಕೆ. ಕಾರ್ಬನ್ ಫ್ರೇಮ್ ಅಂದರೆ ಇದರದೇ ಶ್ರೀಮಂತ ನೆಂಟ. ಗಾಜಿನ ನಾರಿನ ಬದಲು ಕಾರ್ಬನ್ ನಾರು, ಸಾದಾ ರೆಸಿನ್ ಬದಲು ಎಪಾಕ್ಸಿ. ಸಮುದ್ರದಲ್ಲಿ ಅಲೆಗೆ ಎದೆಕೊಡುವ ದೋಣಿ ರಿಪೇರಿ ಆಗುವುದಾದರೆ ನನ್ನ ಸೈಕಲ್ಲು ಯಾಕೆ ಆಗಬಾರದು?

ಸುಮ್ನೆ ಹಠಕ್ಕೆ ಅಲ್ಲ, ಲೆಕ್ಕವನ್ನೂ ಹಾಕಿದೆ. ಹಳೆಯ ಸೈಕಲ್ಲು ಕೊಂಡವನು ನಾನು, ಎರಡನೇ ಮಾಲೀಕ. ಇಂಥ ಫ್ರೇಮಿನ ವಾರಂಟಿ ಸಾಮಾನ್ಯವಾಗಿ ಮೊದಲು ಕೊಂಡವರಿಗೆ ಮಾತ್ರ. ಬಿದ್ದು ಮುರಿದರೆ ಕಡಿಮೆ ದರದಲ್ಲಿ ಬದಲಿ ಕೊಡುವ ಸೌಲಭ್ಯವೂ ಹೆಚ್ಚಾಗಿ ಅವರಿಗೇ. ಹಿಂದಿನ ಅರ್ಧ ಭಾಗ ಮಾತ್ರ ಬೇಕೆಂದರೆ 2015ರ ಮಾಡೆಲ್ಲಿಗೆ ಸ್ಟಾಕ್ ಇಲ್ಲ. ಹೊಸ ಫ್ರೇಮಿಗೆ 3,800 ಡಾಲರ್. ಅಲ್ಲಿಗೇ ಮುಗಿಯಲ್ಲ. ನನ್ನ ಹಿಂದಿನ ಚಕ್ರದ ಹಬ್ಬು, ಅಂದರೆ ನಡುವಿನ ಗುಂಬ, 142 ಮಿಲಿಮೀಟರ್ ಅಗಲದ್ದು, ಈಗಿನ ಫ್ರೇಮುಗಳು 148 ಕೇಳುತ್ತವೆ. ಹಾಗಾಗಿ ಚಕ್ರ ಹೊಸದು. ಶಾಕ್ ಅಬ್ಸಾರ್ಬರಿನ ಉದ್ದ ಬೇರೆ, ಅದೂ ಹೊಸದು. ಸೀಟಿನ ಕಂಬದ ದಪ್ಪ 30.9 ಮಿಲಿಮೀಟರ್ ಇದ್ದದ್ದು 34.9 ಬೇಕು. ಒಂದು ಕೊಳವೆ ಬಿರುಕು ಬಿಟ್ಟದ್ದಕ್ಕೆ ಇಡೀ ಸೈಕಲ್ಲನ್ನೇ ಕೊಂಡ ಹಾಗೆ. ನಮ್ಮಲ್ಲಿ ಕುದುರೆ ಲಾಳ ಸಿಕ್ಕಿತು ಅಂತ ಕುದುರೆ ಕೊಂಡವನ ಕತೆ ಹೇಳುತ್ತಾರಲ್ವಾ, ಅದೇ.

ರಿಪೇರಿ ಮಾಡುವವರು ಇಲ್ಲಿ ಇದ್ದಾರೆ. ಇದು ಹೊಸ ವಿದ್ಯೆಯೇನೂ ಅಲ್ಲ. 1991ರಲ್ಲಿ ಸೈಕಲ್ ರೇಸಿನ ಚಾಂಪಿಯನ್ ಗ್ರೆಗ್ ಲೆಮಾಂಡ್ ತಂಡಕ್ಕೆ ಕಾರ್ಬನ್ ಸೈಕಲ್ ಮಾಡಿಕೊಟ್ಟ ಕ್ಯಾಲಿಫೋರ್ನಿಯಾದ ಕ್ರೇಗ್ ಕ್ಯಾಲ್ಫೀ ಇಪ್ಪತ್ತು ವರ್ಷಕ್ಕೂ ಮೇಲೆ ಬೇರೆ ಬೇರೆ ಕಂಪನಿಗಳ ಮುರಿದ ಫ್ರೇಮು ಸರಿ ಮಾಡುತ್ತಾ ಬಂದವರು. ನಾನು ಹುಡುಕಿಕೊಂಡು ಹೋದದ್ದು ಗೋದಾಮುಗಳ ಮಧ್ಯದ ಒಂದು ಶೆಡ್ಡಿಗೆ. ಅಲ್ಲಿ ರಿಪೇರಿ ಮಾಡುವಾತ ಮೊದಲು ಹಾಯಿದೋಣಿ ಕಟ್ಟುತ್ತಿದ್ದವನು! ಇದನ್ನು ಕೇಳಿದ ಮೇಲೆ ನನ್ನ ಅರ್ಧ ಭಯ ಹೋಯಿತು.

ಆತ ಮಾಡಿದ ಮೊದಲ ಕೆಲಸ ರಿಪೇರಿ ಅಲ್ಲ, ಪರೀಕ್ಷೆ. ಒಂದು ನಾಣ್ಯ ಹಿಡಿದು ಫ್ರೇಮಿನ ಉದ್ದಕ್ಕೂ ಟಕ್ ಟಕ್ ಅಂತ ಬಡಿದ. ಗಟ್ಟಿ ಇರುವಲ್ಲಿ ಸ್ಪಷ್ಟ ಸದ್ದು, ಒಳಗೆ ಪದರ ಬಿಟ್ಟಿರುವಲ್ಲಿ ಮಂದ ಸದ್ದು. ಹಲಸಿನಹಣ್ಣು ಬಡಿದು ನೋಡುವ ಹಾಗೆ. ಬಣ್ಣ ಕೆರೆದಾಗ ಹೊರಗೆ 4 ಸೆಂಟಿಮೀಟರ್ ಇದ್ದ ಬಿರುಕು ಒಳಗೆ 7 ಇತ್ತು. ಈ ನೋಡುವ ಕೆಲಸಕ್ಕೇ 80 ಡಾಲರ್. ಮೊದಲು ಹೊಟ್ಟೆ ಉರಿಯಿತು. ನಮ್ಮೂರಲ್ಲಿ ನೋಡುವುದಕ್ಕೆ ಯಾರು ದುಡ್ಡು ಕೊಡುತ್ತಾರೆ?

ಇಲ್ಲೇ ನಮ್ಮವರು ಸೋಲುವುದು ಅಂತ ಈಗ ಅನಿಸುತ್ತದೆ. ಬೆಂಗಳೂರಿನ ನನ್ನ ಗೆಳೆಯನೊಬ್ಬನ ಕಾರ್ಬನ್ ಫ್ರೇಮು ಹೀಗೇ ಬಿರುಕು ಬಿಟ್ಟಿತ್ತು. ಒಂದು ಕಡೆ ಕೊಟ್ಟ. ಅವರು ಬಿರುಕಿಗೆ ಪುಟ್ಟಿ ಮೆತ್ತಿ, ಉಜ್ಜಿ, ಮೇಲೆ ಚೆಂದದ ಬಣ್ಣ ಹೊಡೆದು ಎರಡೇ ದಿನದಲ್ಲಿ ವಾಪಸ್ ಕೊಟ್ಟರು. 1,500 ರೂಪಾಯಿ. ತುರಹಳ್ಳಿ ಕಾಡಿನಲ್ಲಿ ಮೂರನೇ ವಾರಕ್ಕೆ ಅದೇ ಜಾಗದಲ್ಲಿ ಮತ್ತೆ ಬಾಯಿ ಬಿಟ್ಟಿತು. ಪುಟ್ಟಿ ಬಿರುಕನ್ನು ಮುಚ್ಚುತ್ತದೆ, ಭಾರ ಹೊರುವುದಿಲ್ಲ. ಭಾರ ಹೊರುವುದು ನಾರು. ತುಂಡಾದ ನಾರಿನ ಎರಡೂ ಕಡೆಗೆ ಕೆಲವು ಸೆಂಟಿಮೀಟರ್ ಇಳಿಜಾರಾಗಿ ಉಜ್ಜಿ, ಮೊದಲಿದ್ದ ದಿಕ್ಕಿನಲ್ಲೇ ಹೊಸ ನಾರು ಕೂರಿಸಿ, ಗಾಳಿ ಹೀರಿದ ಚೀಲದಲ್ಲಿ ಒತ್ತಿ, ಬಿಸಿಯಲ್ಲಿ ಗಟ್ಟಿ ಮಾಡಬೇಕು.

ಬೆಂಗಳೂರಿಗೆ ಈ ವಿದ್ಯೆ ಗೊತ್ತಿಲ್ಲ ಅಂತಲ್ಲ. ತೇಜಸ್ ಯುದ್ಧವಿಮಾನದ ಒಡಲಿನ ತೂಕದಲ್ಲಿ ನೂರಕ್ಕೆ 45ರಷ್ಟು ಕಾರ್ಬನ್ ಕಾಂಪೋಸಿಟ್ಟೇ, ಅಂದರೆ ಇದೇ ನಾರು, ರೆಸಿನ್. ವಿಮಾನ ಕಟ್ಟುವ ಎಚ್‌ಎಎಲ್, ವಿಮಾನ ಸಂಶೋಧನೆಯ ಎನ್‌ಎಎಲ್ ಎರಡೂ ಇರುವುದು ಓಲ್ಡ್ ಏರ್‌ಪೋರ್ಟ್ ರಸ್ತೆಯ ಸುತ್ತಮುತ್ತ. ಆ ರಸ್ತೆಯಿಂದ ಸೈಕಲ್ ಅಂಗಡಿಗೆ ಆ ವಿದ್ಯೆ ಇಳಿದು ಬರುವುದು ಯಾವಾಗಲೋ. ಅಲ್ಲಿವರೆಗೆ ನಮ್ಮ ‘ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್’ ರಿಪೇರಿಗಿಂತ ಇಲ್ಲಿನವರ ‘ಬಿಸಾಕಿ’ ಅನ್ನುವುದೇ ಕಡಿಮೆ ಅಪಾಯದ್ದು. ನನ್ನ ಬಾಯಲ್ಲಿ ಈ ಮಾತು ಬರುತ್ತದೆ ಅಂತ ನಾನೇ ಅಂದುಕೊಂಡಿರಲಿಲ್ಲ.

ಹಾಗಂತ ಬಿಸಾಕುವುದು ಸಲೀಸೂ ಅಲ್ಲ. ಗಟ್ಟಿಯಾದ ಎಪಾಕ್ಸಿಯನ್ನು ಮತ್ತೆ ಕರಗಿಸಲು ಆಗದು. ಗುಜರಿಯವನೂ ಮುಟ್ಟುವುದಿಲ್ಲ. ಕಂಪನಿಗಳು ರಿಪೇರಿ ಬೇಡ ಅನ್ನುವುದರ ಹಿಂದೆ ಎಂಜಿನಿಯರಿಗಿಂತ ವಕೀಲರೇ ಜಾಸ್ತಿ ಇದ್ದಾರೆ ಅಂತ ನನ್ನ ಗುಮಾನಿ.

ಮೂರು ವಾರಕ್ಕೆ ಫ್ರೇಮು ಸಿಕ್ಕಿತು. ವಾರ್ನಿಶ್ ಸೇರಿ 620 ಡಾಲರ್. ರಿಪೇರಿ ಜಾಗಕ್ಕೆ ಬಣ್ಣ ಬೇಡ, ಬರೀ ವಾರ್ನಿಶ್ ಸಾಕು ಅಂದಿದ್ದೆ. ಅಲ್ಲಿ ಕಪ್ಪು ನೇಯ್ಗೆ ಕಾಣುತ್ತದೆ. ಮತ್ತೆ ಬಿರುಕು ಬಂದರೆ ಮೊದಲು ನನಗೇ ಕಾಣಲಿ ಅಂತ.

ಅದರ ಜೊತೆ ಕಾರ್ಬನ್ ಹ್ಯಾಂಡಲ್‌ಬಾರನ್ನೂ ಒಯ್ದಿದ್ದೆ. ಕಲ್ಲಿಗೆ ಉಜ್ಜಿ ಒಂದು ಆಳದ ಗೀರಾಗಿತ್ತು. ಅದನ್ನು ಮಾಡಲ್ಲ ಅಂದ. ಚೈನ್‌ಸ್ಟೇ ಸೋತರೆ ಸಾಮಾನ್ಯವಾಗಿ ಮೊದಲು ಸದ್ದು ಮಾಡುತ್ತದೆ, ಹ್ಯಾಂಡಲ್ ಹೇಳದೆ ಕೇಳದೆ ತುಂಡಾಗುತ್ತದೆ, ನೇರ ಮುಖದ ಮೇಲೆ ಬೀಳುತ್ತೀರಿ ಅಂದ. ದುಡ್ಡು ಜಾಸ್ತಿ ಕೊಟ್ಟರೂ ಮಾಡಲ್ಲ ಅಂದ. ನನ್ನ ಎದುರೇ ಗರಗಸ ತಗೊಂಡು ಅದನ್ನು ಎರಡು ತುಂಡು ಮಾಡಿದ. ಕಸದ ತೊಟ್ಟಿಯಿಂದ ಬೇರೆ ಯಾರೂ ಎತ್ತಿಕೊಂಡು ಹೋಗಬಾರದಂತೆ.

ರಾತ್ರಿ ವಿಡಿಯೋ ಕಾಲ್ ಮಾಡಿ ಮಾವನಿಗೆ ಎಲ್ಲ ತೋರಿಸಿದೆ. ಹೊಸ ನೇಯ್ಗೆಯನ್ನು ಹತ್ತಿರ ಹಿಡಿ ಅಂದರು, ಇನ್ನೂ ಹತ್ತಿರ ಅಂದರು. ಬೆರಳು ಫೋನಿನ ಮೇಲೆ ಓಡಾಡುತ್ತಿತ್ತು. ಹ್ಯಾಂಡಲ್ ಕತ್ತರಿಸಿದ ಕತೆಗೆ ತಲೆಯಾಡಿಸಿದರು. ಆಮೇಲೆ ಎಷ್ಟಾಯ್ತು ಅಂತ ಕೇಳಿದರು. ಹೆಚ್ಚು ಕಡಿಮೆ 38 ಸಾವಿರ ರೂಪಾಯಿ ಅಂದೆ.

‘ಹ್ವಾಯ್, ಅಷ್ಟ್ ದುಡ್ಡಿಗೆ ನಮ್ ದೋಣಿ ಅಡಿ ಪೂರ್ತಿ ಹೊಸ ಮಾಡ್ಕಂಬುಕೆ ಆತಿತ್ತ್ ಮರಾಯಾ!’